ನಿಂತುಹೋದ ಸಂಚಾರಿ: ಕೊಳ್ಳೇಗಾಲ ಸೀಮೆಯ ಕಾವ್ಯಗಳಲ್ಲಿ ಖಿನ್ನತೆಯ ಗುರುತು

ಕೊಳ್ಳೇಗಾಲ, ಯಳಂದೂರು ಮತ್ತು ಈಚೆಗೆ ಕೊಳ್ಳೇಗಾಲದಿಂದ ಬೇರ್ಪಟ್ಟ ಹನೂರು – ಈ ಮೂರು ತಾಲ್ಲೂಕುಗಳ ಆಡಳಿತ ಚರಿತ್ರೆ ಒಂದೇ ಬಗೆಯದಲ್ಲ. 1956ರವರೆಗೆ ಕೊಳ್ಳೇಗಾಲವು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು ಮೈಸೂರು ಸಂಸ್ಥಾನದೊಳಗೆ ದಿವಾನ್ ಪೂರ್ಣಯ್ಯನವರ ಜಹಗೀರಾಗಿತ್ತು. 1997ರಲ್ಲಿ ಚಾಮರಾಜನಗರ ಜಿಲ್ಲೆ ರೂಪುಗೊಂಡಾಗ ಇವು ಆ ಜಿಲ್ಲೆಗೆ ಸೇರಿದವು. ಆದರೆ ಕಂಸಾಳೆಯವರ, ದೇವರಗುಡ್ಡರ, ನೀಲಗಾರರ ಹಾದಿಗಳಿಗೆ ಈ ಗಡಿಗಳು ಎಂದೂ ಅಡ್ಡಬಂದಂತಿಲ್ಲ. ಈ ಸೀಮೆಯ ಶಿಷ್ಟಕಾವ್ಯವೂ ಮೌಖಿಕಕಾವ್ಯವೂ ಮನುಷ್ಯದುಃಖವನ್ನು ಹೇಗೆ ಗುರುತಿಸಿವೆ, ಯಾವುದನ್ನು ಗುರುತಿಸದೆ ಬಿಟ್ಟಿವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಂದು ನಾವು ಖಿನ್ನತೆ ಎಂದು ಕರೆಯುವ ಸ್ಥಿತಿಯನ್ನು ಮುಂದಿಟ್ಟುಕೊಂಡು ಈ ಪರಿಶೀಲನೆ ನಡೆಯುತ್ತದೆ.

ಕಾವ್ಯದ ಪಾತ್ರಗಳಿಗೆ ರೋಗನಿದಾನ ಮಾಡುವುದು ವಿಮರ್ಶೆಯ ಕೆಲಸವಲ್ಲ ಎಂಬ ಆಕ್ಷೇಪ ಇಲ್ಲಿ ಸಹಜವಾಗಿಯೇ ಏಳುತ್ತದೆ. ಆಕ್ಷೇಪ ಸರಿಯಾದದ್ದೇ. ಸಂಕಮ್ಮನಿಗೆ ಯಾವ ಕಾಯಿಲೆ ಇತ್ತು ಎಂದು ಕೇಳುವುದು ಅರ್ಥಹೀನ. ಆದರೆ ಒಂದು ಸಮುದಾಯದ ಕಾವ್ಯವು ಆ ಸಮುದಾಯಕ್ಕೆ ದುಃಖವನ್ನು ಗುರುತಿಸುವ ನುಡಿಗಟ್ಟನ್ನು ಕೊಡುತ್ತದೆ. ಆ ನುಡಿಗಟ್ಟಿನಲ್ಲಿ ಜಾಗವಿಲ್ಲದ ದುಃಖವು ಮನೆಯವರ ಕಣ್ಣಿಗೂ ಬೀಳದೆ ಹೋಗಬಹುದು. ಹೀಗೆ ನೋಡಿದಾಗ ಇದು ವೈದ್ಯದ ಪ್ರಶ್ನೆಯಾಗಿರುವಷ್ಟೇ ಮೀಮಾಂಸೆಯ ಪ್ರಶ್ನೆಯೂ ಹೌದು. ಮನೋವೈದ್ಯವನ್ನೂ ಸಾಹಿತ್ಯವನ್ನೂ ಒಟ್ಟಿಗೆ ನೋಡುವುದು ಕನ್ನಡಕ್ಕೆ ಹೊಸತೂ ಅಲ್ಲ. 'ಕೊರವಂಜಿ'ಯ ಸಂಪಾದಕರಾಗಿದ್ದ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತ್ತು. ಆ ದಾರಿಯಲ್ಲಿ ನಮ್ಮ ವಿಮರ್ಶೆ ಹೆಚ್ಚು ದೂರ ನಡೆಯಲಿಲ್ಲ ಎಂಬುದು ಬೇರೆ ಮಾತು.

ಮೊದಲಿಗೆ ಮೀಮಾಂಸೆಯನ್ನೇ ನೋಡೋಣ. ಭರತನ ನಾಟ್ಯಶಾಸ್ತ್ರದ ಏಳನೆಯ ಅಧ್ಯಾಯದಲ್ಲಿ 33 ವ್ಯಭಿಚಾರಿ ಅಥವಾ ಸಂಚಾರಿ ಭಾವಗಳ ವಿವರಣೆಯಿದೆ. ತೀ.ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯ ಮೂಲಕ ಈ ಪಟ್ಟಿ ಕನ್ನಡ ವಿದ್ಯಾರ್ಥಿಗಳಿಗೆ ಕಂಠಪಾಠವಾಗಿದೆ. ನಿರ್ವೇದ, ಗ್ಲಾನಿ, ಆಲಸ್ಯ, ದೈನ್ಯ, ಚಿಂತೆ, ಜಡತೆ, ವಿಷಾದ, ವ್ಯಾಧಿ, ಮರಣ – ಈ ಒಂಬತ್ತನ್ನು ಪಟ್ಟಿಯಿಂದ ಹೆಕ್ಕಿ ಒಂದು ಕಡೆ ಇಡೋಣ. 2022ರಿಂದ ಜಾರಿಯಲ್ಲಿರುವ, ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಪರಿಷ್ಕರಣೆಯು ಖಿನ್ನತೆಗೆ ಹೇಳುವ ಲಕ್ಷಣಗಳನ್ನು ಇನ್ನೊಂದು ಕಡೆ ಇಡೋಣ: ಕುಗ್ಗಿದ ಮನಸ್ಸು, ಹಿಂದೆ ಹಿತವೆನಿಸುತ್ತಿದ್ದುದರಲ್ಲಿ ಆಸಕ್ತಿ ಅಳಿಯುವುದು, ಏಕಾಗ್ರತೆ ಇಲ್ಲದಿರುವುದು, ತಾನು ಕೆಲಸಕ್ಕೆ ಬಾರದವನೆಂಬ ಅಥವಾ ತಪ್ಪಿತಸ್ಥನೆಂಬ ಭಾವ, ಹತಾಶೆ, ಸಾವಿನ ಯೋಚನೆ, ನಿದ್ರೆಯ ಏರುಪೇರು, ಹಸಿವಿನ ಏರುಪೇರು, ಚಲನೆಯ ಮಂದತೆ ಅಥವಾ ತಳಮಳ, ದಣಿವು. ಎರಡೂ ಪಟ್ಟಿಗಳು ಬಹುಮಟ್ಟಿಗೆ ಒಂದನ್ನೊಂದು ಹೋಲುತ್ತವೆ. ಇನ್ನೂ ಕುತೂಹಲಕರವಾದದ್ದು 'ಅವಹಿತ್ಥ' ಎಂಬ ಸಂಚಾರಿ. ಒಳಗಿನ ಭಾವವನ್ನು ಹೊರಗೆ ತೋರಗೊಡದೆ ಮರೆಸುವುದಕ್ಕೆ ಆ ಹೆಸರು. ಒಳಗೆ ಕುಸಿದಿದ್ದೂ ಹೊರಗೆ ನಗುತ್ತ, ಕೆಲಸ ಮಾಡುತ್ತ ಓಡಾಡುವವರನ್ನು ಕಂಡವರಿಗೆ ಈ ಪದದ ಬೆಲೆ ತಿಳಿದೀತು.

ಹೀಗಿದ್ದೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ಮೀಮಾಂಸೆಯ ದೃಷ್ಟಿಯಲ್ಲಿ ಇವೆಲ್ಲ ಸಂಚಾರಿಗಳು; ಬಂದುಹೋಗುವಂಥವು, ಯಾವುದಾದರೊಂದು ಸ್ಥಾಯಿಭಾವವನ್ನು ಪೋಷಿಸಿ ಮರೆಯಾಗುವಂಥವು. ವೈದ್ಯದ ವರ್ಗೀಕರಣವಾದರೋ ಕಾಲದ ಅಳತೆಯನ್ನು ಕೇಳುತ್ತದೆ: ಇವುಗಳಲ್ಲಿ ಐದಾದರೂ, ದಿನದ ಹೆಚ್ಚು ಹೊತ್ತು, ಹೆಚ್ಚುಕಡಿಮೆ ಪ್ರತಿದಿನ, ಎರಡು ವಾರಕ್ಕೆ ಕಡಿಮೆಯಿಲ್ಲದೆ ಇದ್ದಿರಬೇಕು, ಮೊದಲೆರಡರಲ್ಲಿ ಒಂದು ಕಡ್ಡಾಯವಾಗಿರಬೇಕು. ಸಂಚಾರಿಯು ಸಂಚರಿಸುವುದನ್ನು ನಿಲ್ಲಿಸಿ, ರಸವಾಗಿ ಪರಿಣಮಿಸದೆಯೇ ಮನೆಮಾಡಿಕೊಂಡುಬಿಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಕಾವ್ಯಮೀಮಾಂಸೆ ಕೇಳಿಕೊಳ್ಳಲಿಲ್ಲ. ಕೇಳಬೇಕಾದ ಅಗತ್ಯವೂ ಅದಕ್ಕಿರಲಿಲ್ಲ. ಅದು ರಂಗದ ಮೇಲಿನ ದುಃಖವನ್ನು ಕುರಿತ ಶಾಸ್ತ್ರ. ಆದರೆ ಈ ಶಾಸ್ತ್ರದಿಂದ ರೂಪುಗೊಂಡ ನಮ್ಮ ಓದು, ಶೋಕವೆಂಬ ಸ್ಥಾಯಿಗೆ ಮರ್ಯಾದೆ ಕೊಟ್ಟು, ಶೋಕವಾಗಲಾರದ ಮಂಕಿಗೆ ಕಣ್ಣು ಮುಚ್ಚಿತು.

ಇದಕ್ಕೆ ಷಡಕ್ಷರದೇವನ 'ರಾಜಶೇಖರವಿಲಾಸ' ಒಳ್ಳೆಯ ನಿದರ್ಶನ. 17ನೆಯ ಶತಮಾನದ ಈ ಚಂಪುವಿನಲ್ಲಿ ರಾಜಕುಮಾರರ ಕುದುರೆಸವಾರಿಯ ಅವಘಡದಲ್ಲಿ ಮಗನನ್ನು ಕಳೆದುಕೊಂಡ ತಿರುಕೊಳವಿನಾಚಿಯ ಪ್ರಲಾಪವು ಕನ್ನಡ ಕರುಣರಸದ ಮಾದರಿಯೆಂದು ಓದುಗರ ಮೆಚ್ಚುಗೆ ಗಳಿಸಿದೆ. ಆ ತಾಯಿಯ ದುಃಖಕ್ಕೆ ಕಾರಣವಿದೆ, ದನಿಯಿದೆ, ದೂರು ಕೊಂಡೊಯ್ಯಲು ಅರಮನೆಯಿದೆ, ನ್ಯಾಯ ಹೇಳುವ ದೊರೆಯಿದ್ದಾನೆ, ಕೊನೆಗೆ ಶಿವನೂ ಬರುತ್ತಾನೆ. ಓದುಗನ ಕಣ್ಣು ತೇವವಾಗುವುದಕ್ಕೆ ಬೇಕಾದ ಎಲ್ಲ ವಿಭಾವಾನುಭಾವಗಳೂ ಸಿದ್ಧವಾಗಿವೆ. ಕವಿಯ ಪ್ರತಿಭೆಯನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಪುತ್ರಶೋಕವನ್ನು ಅಷ್ಟು ಉಜ್ಜ್ವಲವಾಗಿ ಬಲ್ಲ ಕಾವ್ಯಪರಂಪರೆಯು, ಯಾರೂ ಸಾಯದ ಮನೆಯಲ್ಲಿ ಮೂರು ತಿಂಗಳಿಂದ ಒಲೆಯ ಮುಂದೆ ಸುಮ್ಮನೆ ಕೂತಿರುವ ತಾಯಿಯನ್ನು ಏನೆಂದು ಕರೆದೀತು? ಅವಳಿಗೆ ಅಲ್ಲಿ ಹೆಸರಿಲ್ಲ.

ಸಂಚಿ ಹೊನ್ನಮ್ಮನ 'ಹದಿಬದೆಯ ಧರ್ಮ'ದಲ್ಲಿ ಪ್ರಶ್ನೆ ಇನ್ನಷ್ಟು ತೊಡಕಿನದು. ಯಳಂದೂರಿನಿಂದ ಚಿಕ್ಕದೇವರಾಜ ಒಡೆಯರ ಅರಮನೆಗೆ ಸಂಚಿಯ ಊಳಿಗಕ್ಕೆ ಹೋದ ಈ ಹೆಣ್ಣು, ಹೆಣ್ಣುಮಕ್ಕಳನ್ನು ಹೀಗಳೆಯುವವರನ್ನು ನೇರವಾಗಿ ಪ್ರಶ್ನಿಸಿದವಳು; ಅದೇ ಕಾವ್ಯದಲ್ಲಿ ಗೃಹಿಣಿಯ ಸಹನೆಯನ್ನು ಧರ್ಮವೆಂದು ಸಾಂಗತ್ಯದಲ್ಲಿ ಬೋಧಿಸಿದವಳು ಕೂಡ. ನಮ್ಮ ಸ್ತ್ರೀವಾದಿ ಓದುಗಳು ಈ ಎರಡರ ನಡುವಿನ ಬಿಕ್ಕಟ್ಟನ್ನು ಸಾಕಷ್ಟು ಚರ್ಚಿಸಿವೆ. ಇಲ್ಲಿ ಸೇರಿಸಬೇಕಾದದ್ದು ಇಷ್ಟು: ಸಹನೆ ಧರ್ಮವಾದ ಕಡೆ ಬಳಲಿಕೆ ಅಧರ್ಮವಾಗುತ್ತದೆ. ಎದ್ದು ನೀರು ತರಲಾರದವಳು ಸೋಮಾರಿ, ಮಾತಾಡದವಳು ಸೆಡವಿನವಳು. ಖಿನ್ನತೆಯು ತಾನೇ ತಂದೊಡ್ಡುವ ತಪ್ಪಿತಸ್ಥಭಾವದ ಮೇಲೆ ಧರ್ಮದ ಭಾರವೂ ಕೂಡಿಕೊಳ್ಳುತ್ತದೆ. ಗಂಡಸಿಗೆ ಬೇರೊಂದು ಮರೆ ಸಿಕ್ಕಿದೆ. ತತ್ತ್ವಜ್ಞಾನದಿಂದ ಹುಟ್ಟಿದ ನಿರ್ವೇದವನ್ನು ಕೆಲವು ಮೀಮಾಂಸಕರು ಶಾಂತರಸದ ಸ್ಥಾಯಿಯ ಸ್ಥಾನಕ್ಕೇರಿಸಿದರು. ಸಂಚಾರಿಗಳಲ್ಲಿ ಆ ಭಾಗ್ಯ ದೊರೆತದ್ದು ಅದೊಂದಕ್ಕೇ. ಮಠಗಳೂ ಬೆಟ್ಟಗಳೂ ಹೆಚ್ಚಿರುವ ಈ ಸೀಮೆಯಲ್ಲಿ ಹೊಲಮನೆಯನ್ನು ಮರೆತು ಒಂಟಿಯಾಗಿ ಕೂರುವವನನ್ನು ವೈರಾಗ್ಯ ಬಂದವನೆಂದು ಗೌರವಿಸುವುದು ಸುಲಭ. ಆ ಗೌರವದಿಂದ ಅವನಿಗೆ ನಿದ್ದೆ ಬರುವುದಿಲ್ಲ.

ಮೌಖಿಕ ಪರಂಪರೆಗೆ ಬಂದರೆ ಚಿತ್ರ ಬದಲಾಗುತ್ತದೆ. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟವನ್ನು ಕೇಂದ್ರವಾಗಿಟ್ಟುಕೊಂಡ ಮಾದಪ್ಪನ ಕಾವ್ಯವು 'ಸಾಲು'ಗಳಾಗಿ ಹಾಡಲ್ಪಡುತ್ತದೆ. ಪಿ.ಕೆ. ರಾಜಶೇಖರ ಅವರ ಸಂಪಾದನೆ, ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ್ದನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಪಠ್ಯ, ಆ ಪಠ್ಯಕ್ಕೆ ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಮಾಡಿದ ಇಂಗ್ಲಿಷ್ ಅನುವಾದ (2001) – ಇವುಗಳಿಂದ ಈ ಕಾವ್ಯ ವಿದ್ವತ್‌ಲೋಕಕ್ಕೆ ಪರಿಚಿತವಾಗಿದೆ. ಇದರ ಸಾಲುಗಳಲ್ಲಿ ಅತ್ಯಂತ ಜನಪ್ರಿಯವಾದದ್ದು ಸಂಕಮ್ಮನ ಸಾಲು. ವಿವರಗಳು ಗಾಯಕರಿಂದ ಗಾಯಕರಿಗೆ ಬೇರೆಯಾದರೂ ಕಥೆಯ ಹಂದರ ಸ್ಥಿರವಾಗಿದೆ. ಸೋಲಿಗರ ನೀಲೇಗೌಡ ಕಾಡಿಗೆ ಹೊರಟಿದ್ದಾನೆ. ತಾನಿಲ್ಲದಾಗ ಪರಪುರುಷನ ಗೊಡವೆಗೆ ಹೋಗುವುದಿಲ್ಲವೆಂದು ಹೆಂಡತಿ ಸಂಕಮ್ಮ ಕೈಮುಟ್ಟಿ ಭಾಷೆ ಕೊಡಬೇಕೆಂದು ಪಟ್ಟು ಹಿಡಿಯುತ್ತಾನೆ. ಮಕ್ಕಳಿಲ್ಲದ ಸಂಕಮ್ಮ ಭಾಷೆ ಕೊಡಲೊಲ್ಲಳು. ಅವನು ಅವಳನ್ನು ಹಿಂಸಿಸುತ್ತಾನೆ, ಮಾಟಮಂತ್ರದ ಬಲದಿಂದ ಗುಡಿಸಲಿನೊಳಗೆ ಕಟ್ಟಿಹಾಕಿ ಹೊರಟುಹೋಗುತ್ತಾನೆ. ಮಾದಪ್ಪ ಜಂಗಮನಾಗಿ ಅಲ್ಲಿಗೆ ಬಂದು ಕಟ್ಟು ಬಿಡಿಸುತ್ತಾನೆ, ಸಂತಾನದ ವರ ಕೊಡುತ್ತಾನೆ. ಹೀಗೆ ಹುಟ್ಟಿದವರು ಕಾರಯ್ಯ, ಬಿಲ್ಲಯ್ಯ.

ಈ ಸಾಲನ್ನು ಎರಡು ರೀತಿಯಲ್ಲಿ ಓದುವುದು ರೂಢಿಯಾಗಿದೆ. ಒಂದು, ಬುಡಕಟ್ಟಿನ ಸಮುದಾಯವು ಮಾದಪ್ಪನ ಒಕ್ಕಲಾದ ಬಗೆ ಎಂದು. ಎರಡು, ಪಾತಿವ್ರತ್ಯದ ಪರೀಕ್ಷೆಗೆ ಒಡಂಬಡದ ಹೆಣ್ಣಿನ ಪ್ರತಿರೋಧ ಎಂದು. ಎರಡೂ ಸಮರ್ಥನೀಯ ಓದುಗಳೇ. ಈ ಲೇಖಕನೂ ಹಿಂದೆ ತರಗತಿಗಳಲ್ಲಿ ಸಂಕಮ್ಮನನ್ನು ಪ್ರತಿರೋಧದ ಸಂಕೇತವೆಂದಷ್ಟೇ ವಿವರಿಸಿದವನು. ಆದರೆ ಸಂಕೇತ ಮಾಡುವ ಆತುರದಲ್ಲಿ ಒಂದು ಸರಳ ಸಂಗತಿ ಕೈಜಾರಿತ್ತು. ಭಾಷೆಯನ್ನು ನಿರಾಕರಿಸುವ ಘಳಿಗೆ ಚಿಕ್ಕದು. ಕಟ್ಟಿನೊಳಗಿನ ಕಾಲ ದೀರ್ಘವಾದದ್ದು. ಪ್ರತಿರೋಧದ ಘಳಿಗೆಯನ್ನು ಎತ್ತಿಕೊಂಡ ನಾವು, ಕತ್ತಲಲ್ಲಿ ಅಲುಗಾಡಲಾರದೆ ಇರುವ ಹೆಂಗಸನ್ನು ಗುಡಿಸಲಿನಲ್ಲೇ ಬಿಟ್ಟು ಮುಂದೆ ಹೋದೆವು.

ಆ ಗುಡಿಸಲಿನ ಸ್ಥಿತಿಯನ್ನು ಈ ಸೀಮೆಯ ಇನ್ನೊಂದು ಮಹಾಕಾವ್ಯದೊಡನೆ ಹೋಲಿಸಿದರೆ ಮಾತು ಸ್ಪಷ್ಟವಾದೀತು. ಮಂಟೇಸ್ವಾಮಿಯ ಶಿಷ್ಯ, ಚಿಕ್ಕಲ್ಲೂರಿನ ಸಿದ್ದಪ್ಪಾಜಿಯೂ ಹಲಗೂರಿನ ಪಾಂಚಾಳರ ಕೈಯಲ್ಲಿ ಘೋರವಾದ ಪರೀಕ್ಷೆಗಳಿಗೆ ಒಳಗಾಗುತ್ತಾನೆ. ಆದರೆ ಅವೆಲ್ಲ ಊರ ನಡುವೆ, ನಾಲ್ಕು ಜನರ ಎದುರಿಗೆ ನಡೆಯುತ್ತವೆ. ಪ್ರತಿಯೊಂದೂ ಪವಾಡವಾಗಿ ತಿರುಗುತ್ತದೆ. ಬೆನ್ನ ಹಿಂದೆ ಗುರುವಿದ್ದಾನೆ, ಮುಂದೆ ಕಬ್ಬಿಣದ ಭಿಕ್ಷೆ ತರುವ ಗುರಿಯಿದೆ. ಸಂಕಮ್ಮನ ಯಾತನೆಗೆ ಪ್ರೇಕ್ಷಕರಿಲ್ಲ, ಗುರಿಯಿಲ್ಲ. ಮೈಯೊಳಗೆ ಜೀವವಿದ್ದೂ ಕೈಕಾಲು ತನ್ನದಲ್ಲ, ಬಾಗಿಲಿದ್ದೂ ಹೊರಗೆ ಹೋಗುವಂತಿಲ್ಲ. ಖಿನ್ನತೆಯನ್ನು ಅನುಭವಿಸಿದವರು ತಮ್ಮ ಸ್ಥಿತಿಗೆ ಕೊಡುವ ಉಪಮೆಗಳು ಬಹುತೇಕ ಇಂಥವೇ: ಕಟ್ಟು, ಭಾರ, ಮುಚ್ಚಿದ ಕೋಣೆ. ಜನಪದ ಕವಿಗೆ ರೋಗದ ಹೆಸರು ಬೇಕಿರಲಿಲ್ಲ. ಸ್ಥಿತಿಯ ಆಕಾರ ಗೊತ್ತಿತ್ತು. ಶಿಷ್ಟಕಾವ್ಯ ಜಾಗ ಕೊಡದ ನಿಂತುಹೋದ ಸಂಚಾರಿಗೆ ಇಲ್ಲಿ ಒಂದು ಗುಡಿಸಲಾದರೂ ಸಿಕ್ಕಿದೆ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಮಾದಪ್ಪ ಮೊದಲು ಕಟ್ಟು ಬಿಡಿಸುತ್ತಾನೆ, ಮಕ್ಕಳ ವರ ಅನಂತರದ್ದು. ಈ ಅನುಕ್ರಮ ಮುಖ್ಯವಾದದ್ದು. ಏಕೆಂದರೆ ಊರಮನೆಗಳಲ್ಲಿ ಇದು ತಲೆಕೆಳಗಾಗುತ್ತದೆ: ಮಗುವಾದರೆ ಎಲ್ಲ ಸರಿಹೋಗುತ್ತದೆ, ಮದುವೆ ಮಾಡಿದರೆ ಮಂಕು ಬಿಡುತ್ತದೆ ಎಂಬ ಸಲಹೆಗಳು ಯಾರಿಗೆ ಪರಿಚಿತವಲ್ಲ? ಹೆರಿಗೆಯ ಅನಂತರವೇ ಖಿನ್ನತೆ ತಲೆದೋರುವುದುಂಟು ಎಂಬುದು ಈಗ ಚೆನ್ನಾಗಿ ತಿಳಿದಿರುವ ಸಂಗತಿ. ಹಾಗೆಂದು ಕಾವ್ಯವನ್ನು ಪೂರ್ತಿ ಸಮರ್ಥಿಸಿಕೊಳ್ಳುವುದೂ ಸಾಧ್ಯವಿಲ್ಲ. ಮಾದಪ್ಪನ ಕರುಣೆ ನಿರಪೇಕ್ಷವಾದದ್ದಲ್ಲ. ಅವನಿಗೆ ಒಕ್ಕಲು ಬೇಕು, ಸಂಕಮ್ಮನ ಮಕ್ಕಳೂ ಅವನ ಸೇವೆಗೆ ಸಲ್ಲುವವರೇ. ಮಕ್ಕಳಿಲ್ಲದ ಹೆಂಗಸು ಅಪೂರ್ಣಳೆಂಬ ಗ್ರಹಿಕೆಯನ್ನು ಕಾವ್ಯ ಎಲ್ಲಿಯೂ ಪ್ರಶ್ನಿಸುವುದಿಲ್ಲ. ಹಿಂಸೆಯ ಹೊಣೆಯನ್ನು ಸೋಲಿಗನ ಹೆಗಲಿಗೆ ಹಾಕಿರುವುದರಲ್ಲಿ ಬಯಲಿನ ಗಾಯಕರ ಪೂರ್ವಗ್ರಹವಿಲ್ಲವೇ ಎಂಬುದೂ ಕೇಳಬೇಕಾದ ಪ್ರಶ್ನೆ. ಸೋಲಿಗರು ತಮ್ಮನ್ನು ತಾವು ಹಾಡಿಕೊಂಡಿರುವ ಗೊರುಕನ ಹಾಡುಗಳನ್ನು ಪಕ್ಕದಲ್ಲಿಟ್ಟುಕೊಳ್ಳದೆ ನೀಲೇಗೌಡನನ್ನು ಸೋಲಿಗ ಗಂಡಸಿನ ಪ್ರತಿನಿಧಿಯೆಂದು ಓದುವುದು ಅನ್ಯಾಯ.

ಮಾಟದ ಪ್ರಸ್ತಾಪವನ್ನು ಇಲ್ಲಿಗೇ ಬಿಡುವಂತಿಲ್ಲ. ಕೊಳ್ಳೇಗಾಲವೆಂದರೆ ಮಾಟಮಂತ್ರ ಎಂಬ ಹೆಸರು ನಾಡಿನುದ್ದಕ್ಕೂ ಹಬ್ಬಿದೆ. ಆ ಊರಿನವರು ಇದರಿಂದ ಮುಜುಗರಪಡುವುದೂ ಉಂಟು. ಮನಸ್ಸು ಕುಸಿದವರನ್ನು ಕರೆದುಕೊಂಡು ದೂರದೂರದಿಂದ ಬರುವವರಿದ್ದಾರೆ. ಈ ನಂಬಿಕೆ ಬಾಳಿಕೆ ಬಂದದ್ದಕ್ಕೆ ಅಜ್ಞಾನವೊಂದೇ ಕಾರಣವೆಂದರೆ ಅದು ಅವಸರದ ತೀರ್ಪು. ಕಾರಣ ಕಾಣದ ದುಃಖಕ್ಕೆ ಅದು ಕಾರಣವನ್ನು ಒದಗಿಸುತ್ತದೆ; 'ನಿನ್ನ ತಪ್ಪಲ್ಲ, ನಿನಗೆ ಯಾರೋ ಮಾಡಿಸಿದ್ದಾರೆ' ಎಂದು ಬಳಲಿದವನ ಹೆಗಲಿನಿಂದ ತಪ್ಪಿನ ಭಾರವನ್ನು ಇಳಿಸುತ್ತದೆ. ಹೊನ್ನಮ್ಮನ ಧರ್ಮಬೋಧೆ ಮಾಡಲಾರದ ಉಪಕಾರ ಇದು. ಆದರೆ ಇಳಿಸಿದ ಭಾರವನ್ನು ಅದು ಇನ್ನೊಬ್ಬರ ಮೇಲೆ, ಹೆಚ್ಚಾಗಿ ಪಕ್ಕದ ಮನೆಯ ಒಂಟಿ ಹೆಂಗಸಿನ ಮೇಲೆ ಹೊರಿಸುತ್ತದೆ. ಅಷ್ಟರಲ್ಲಿ ಚಿಕಿತ್ಸೆಯ ತಿಂಗಳುಗಳು ಕಳೆದುಹೋಗಿರುತ್ತವೆ. ಕರ್ನಾಟಕದಲ್ಲಿ ಅಮಾನವೀಯ ಆಚರಣೆಗಳನ್ನೂ ವಾಮಾಚಾರವನ್ನೂ ತಡೆಯುವ 2017ರ ಕಾಯ್ದೆ ಬಂದಿದೆ. ಕಾಯ್ದೆಯು ಮಂತ್ರವಾದಿಯನ್ನು ತಡೆದೀತು. ಅವನು ಒದಗಿಸುತ್ತಿದ್ದ ವಿವರಣೆಯ ಜಾಗವನ್ನು ಬೇರೆ ಯಾವುದಾದರೂ ತುಂಬಬೇಕಷ್ಟೆ.

ತುಂಬುವ ಒಂದು ಪ್ರಯತ್ನ ಯಳಂದೂರು ತಾಲ್ಲೂಕಿನಲ್ಲೇ ನಡೆದಿದೆ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನೂ, 1986ರಲ್ಲಿ ಕರುಣಾ ಟ್ರಸ್ಟನ್ನೂ ಆರಂಭಿಸಿದರು. 1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ಸರ್ಕಾರದೊಡನೆ ಪಾಲುದಾರಿಕೆಯಲ್ಲಿ ವಹಿಸಿಕೊಂಡ ಟ್ರಸ್ಟ್, ಮೂರ್ಛೆರೋಗ ಮತ್ತು ಮನೋರೋಗಗಳ ಆರೈಕೆಯನ್ನು ಪ್ರಾಥಮಿಕ ಚಿಕಿತ್ಸೆಯೊಡನೆ ಜೋಡಿಸಿತು. ಇದರ ಹಿಂದೆ 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟ ಮಾದರಿಯಿದೆ: ಮನೋರೋಗವನ್ನು ಗುರುತಿಸಲು ಊರಿನ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ ಬಹುಪಾಲು ರೋಗಿಗಳು ಬೆಂಗಳೂರಿಗೆ ಬರಬೇಕಾಗಿಲ್ಲ. ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲಿ ಆಸಕ್ತಿ ಹುಟ್ಟಿಸುವುದು ಭಾಷೆಯ ಪ್ರಶ್ನೆ. ಆರೋಗ್ಯ ಕೇಂದ್ರಕ್ಕೆ ಬಂದು 'ನನಗೆ ಖಿನ್ನತೆ' ಎನ್ನುವವರು ವಿರಳ. ತಲೆಭಾರ, ಎದೆಯುರಿ, ಕೈಕಾಲು ಸೋತಿವೆ, ಊಟ ಸೇರದು, ನಿದ್ದೆ ಹತ್ತದು, ಜೀವ ಬ್ಯಾಸರ – ಮಾತು ಮೈಯಿಂದ ಶುರುವಾಗುತ್ತದೆ. 'ಖಿನ್ನತೆ' ಪಠ್ಯಪುಸ್ತಕದ ಪದ. 'ಕೊರಗು', 'ಮಂಕು', 'ಬ್ಯಾಸರ' ಬದುಕಿನ ಪದಗಳು. ಇವುಗಳ ನಡುವೆ ಸೇತುವೆ ಕಟ್ಟುವ ಕೆಲಸವನ್ನು ಡಾ. ಸಿ.ಆರ್. ಚಂದ್ರಶೇಖರ್ ಅವರಂಥ ವೈದ್ಯಲೇಖಕರು ಹತ್ತಾರು ಪುಸ್ತಕಗಳ ಮೂಲಕ ಮಾಡಿದರು. ನಮ್ಮ ಉಪಭಾಷಾ ಸಂಶೋಧಕರು ಕೃಷಿಪದಗಳಿಗೂ ವೃತ್ತಿಪದಗಳಿಗೂ ತೋರಿದ ಶ್ರದ್ಧೆಯ ಒಂದು ಪಾಲನ್ನು ದುಃಖದ ಪದಗಳಿಗೂ ತೋರಬಹುದಾಗಿತ್ತು.

ಖಿನ್ನತೆಯೊಡನೆ ಬಾಳುವುದು ಎಂದರೆ ಏನು ಎಂಬುದನ್ನೂ ಈ ಹಿನ್ನೆಲೆಯಲ್ಲಿ ನೋಡಬೇಕು. ಔಷಧ ತೆಗೆದುಕೊಂಡ ದಿನವೇ ಮನಸ್ಸು ಏಳುವುದಿಲ್ಲ. ಎರಡರಿಂದ ನಾಲ್ಕು ವಾರ, ಒಮ್ಮೊಮ್ಮೆ ಇನ್ನೂ ಹೆಚ್ಚು ಕಾಯಬೇಕು. ಗುಣವೆನಿಸಿದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕು. ಮಾತಿನ ಚಿಕಿತ್ಸೆಯೂ ಅಷ್ಟೇ ನಿಧಾನದ್ದು. ಹಲವರಲ್ಲಿ ಅದು ಮರುಕಳಿಸುತ್ತದೆ. ಆತ್ಮಹತ್ಯೆಯ ಯತ್ನವನ್ನು ಅಪರಾಧವಾಗಿ ಕಾಣದೆ ತೀವ್ರ ಒತ್ತಡದ ಫಲವೆಂದು ಭಾವಿಸಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳಿತು. 2022ರ ಅಕ್ಟೋಬರಿನಿಂದ 14416 ಸಂಖ್ಯೆಯ 'ಟೆಲಿ ಮಾನಸ್' ದೂರವಾಣಿ ನೆರವು ಕನ್ನಡದಲ್ಲಿಯೂ ದೊರೆಯುತ್ತಿದೆ. ಬಸ್ಸು ಅಪರೂಪವಾದ ಹನೂರಿನ ಕಾಡಂಚಿನ ಹಳ್ಳಿಗಳಿಗೆ ಇದು ಸಣ್ಣ ಸಂಗತಿಯಲ್ಲ; ಫೋನಿನ ಸಂಕೇತ ಸಿಕ್ಕರೆ ಎಂಬ ಮಾತನ್ನೂ ಸೇರಿಸಬೇಕಾಗುತ್ತದೆ.

ಇಂಥ ನಿಧಾನದ, ಮರಳಿ ಮರಳಿ ಬರುವ ಪಾಡಿಗೆ ಶಿಷ್ಟಕಾವ್ಯದ ಮುಕ್ತಾಯಗಳು ಒಗ್ಗುವುದಿಲ್ಲ. 'ರಾಜಶೇಖರವಿಲಾಸ'ದಲ್ಲಿ ಶಿವ ಪ್ರತ್ಯಕ್ಷನಾದೊಡನೆ ಸತ್ತವರು ಏಳುತ್ತಾರೆ, ಶೋಕ ಕೊನೆಗೊಳ್ಳುತ್ತದೆ. ಸಂಕಮ್ಮನ ಸಾಲಿನಲ್ಲಿ ಹಾಗಾಗುವುದಿಲ್ಲ. ಕಟ್ಟು ಬಿಡಿಸಿದ ಮೇಲೂ ಕಥೆ ಉಳಿದಿರುತ್ತದೆ. ಗಂಡ ಕಾಡಿನಿಂದ ಮರಳಬೇಕು, ಅವನ ಅನುಮಾನ ಮತ್ತೆ ಹೆಡೆಯೆತ್ತಬೇಕು, ಅವಳು ಅದೇ ಗುಡಿಸಲಿನಲ್ಲಿ ಮತ್ತೆ ಅವನೆದುರು ನಿಲ್ಲಬೇಕು. ದೇವರಗುಡ್ಡರು ಇದನ್ನು ಒಂದೇ ಉಸಿರಿಗೆ ಮುಗಿಸುವುದಿಲ್ಲ. ಮುಮ್ಮೇಳದವನು ದಣಿದಾಗ ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಳ್ಳುತ್ತಾರೆ. ಅವನು ಸುಧಾರಿಸಿಕೊಳ್ಳುವಷ್ಟು ಹೊತ್ತು ಹಾಡು ಅವರ ಬಾಯಲ್ಲಿರುತ್ತದೆ, ಅನಂತರ ಮತ್ತೆ ಅವನ ಬಾಯಿಗೆ ಬರುತ್ತದೆ. ಅಚ್ಚಾದ ಪಠ್ಯಗಳಲ್ಲಿ ಈ ಪುನರುಕ್ತಿಗಳನ್ನು ಬಹಳ ಕಡೆ ಕೈಬಿಡುವುದು ಸಂಪಾದನೆಯ ರೂಢಿ. ಸಂಕಮ್ಮನ ಸಾಲನ್ನು ಮತ್ತೊಮ್ಮೆ ಸಂಪಾದಿಸುವವರು ಕನಿಷ್ಠಪಕ್ಷ ಗುಡಿಸಲಿನ ಭಾಗದಲ್ಲಾದರೂ ಅವುಗಳನ್ನು ಹಾಡಿದಂತೆಯೇ ಉಳಿಸಿಕೊಳ್ಳಬೇಕು.